ಬಾಳವ್ವನ ನೀರುಮಜ್ಜಿಗೆ

ಶಿಷ್ಯ ಕೇಳಿದ: "ಗುರುಗಳೇ, ವಂಶದ ಕತೆಯಲ್ಲಿ ವೀರರಷ್ಟೇ ಇದ್ದರೆ ಸಾಲದೆ? ಉಳಿದವರ ಹೆಸರನ್ನೆಲ್ಲ ಹೆಳವರು ಯಾಕೆ ಹೊತ್ತು ತಿರುಗುತ್ತಾರೆ?"

"ಏನಾಯಿತು?" ಎಂದರು ಗುರುಗಳು.

"ಊರಿಗೆ ಹೋಗಿದ್ದೆ. ನಮ್ಮ ಮನೆಯ ಹೆಳವ ಬಂದಿದ್ದ. ನಮ್ಮ ವಂಶದ ದಳವಾಯಿ ಕುದುರೆಯೇರಿ ಕಾದಾಡಿದ್ದನ್ನು ಸೊಗಸಾಗಿ ಹೇಳಿದ. ಅಲ್ಲಿಗೆ ಬಿಡಬಾರದೆ? ದಳವಾಯಿ ಬಿದ್ದ ಮೇಲೆ ಅವನ ಸೊಸೆ ಬಾವಿಯ ಹಗ್ಗ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಟಳು ಅಂತ ಶುರುಮಾಡಿದ. ನಮ್ಮ ತಂದೆ ಶಾಲು ಹೊದಿಸಿ ನಿಲ್ಲಿಸಿಬಿಟ್ಟರು."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನಿಗೆ ಒಬ್ಬಳೇ ಮಗಳು. ಪಕ್ಕದ ಊರಿನ ಗೌಡನ ಮಗ ಅವಳನ್ನು ಮೆಚ್ಚಿದ್ದ. ಅವಳೂ ಅವನನ್ನು ಮೆಚ್ಚಿದ್ದಳು. ಇಷ್ಟರಲ್ಲೇ ಮುಗಿಯಬಹುದಿತ್ತು. ಆದರೆ ಮದುವೆಯಾಗುವುದು ಮನೆಗಳು. ಆದ್ದರಿಂದ ಹೆಳವನನ್ನು ಕರೆಸಬೇಕಾಯಿತು.

ಹೆಳವನೆಂದರೆ ಎತ್ತಿನ ಮೇಲೆ ಕುಳಿತು ಬಂದು, ಮನೆತನದ ಹಿರಿಯರನ್ನು ತಲೆತಲಾಂತರದಿಂದ ಒಪ್ಪಿಸುವವನು. ಆ ಸೀಮೆಯಲ್ಲಿ ನಿಶ್ಚಯದ ದಿನ ಅವನು ಎರಡೂ ಕಡೆಯ ವಂಶ ಹೇಳಬೇಕು, ಎರಡೂ ಕಡೆಯವರು ಒಂದೇ ಕಂಬಳಿಯ ಮೇಲೆ ಕುಳಿತು ಕೇಳಬೇಕು. ಇದಕ್ಕೊಂದು ಕಟ್ಟಳೆಯಿತ್ತು. ಒಬ್ಬ ಹಿರಿಯನ ವಿಷಯ ಹೇಳುವಾಗ ಮನೆಯ ಯಜಮಾನ ಕೈಯೆತ್ತಿ ಕಾಣಿಕೆ ಕೊಟ್ಟರೆ, ಆ ಮಾತನ್ನು ಅಲ್ಲಿಗೇ ಬಿಟ್ಟು ಹೆಳವ ಮುಂದಿನ ತಲೆಗೆ ಹೋಗಬೇಕು. ಯಾವ ಮಾತಿಗೆ ಕೈಯೆತ್ತುವುದು ಎಂಬುದು ಯಜಮಾನನ ಇಷ್ಟ. ಹೀಗಾಗಿ ಆ ಸೀಮೆಯ ಮನೆಗಳಲ್ಲಿ ಎಲ್ಲರ ಹಿರಿಯರೂ ಒಳ್ಳೆಯವರೇ ಆಗಿದ್ದರು.

ಗೌಡನ ಮನೆಯಲ್ಲಿ ಕಲ್ಲನಗೌಡನೆಂಬ ಹಿರಿಯನಿದ್ದ. ದಂಡು ಬಂದು ಊರನ್ನು ಮುತ್ತಿದಾಗ ಅವನು ಕತ್ತಿ ಹಿಡಿದು ಅಗಸೆ ಬಾಗಿಲಲ್ಲಿ ನಿಂತು ಮಡಿದ. ಆ ಮಾತು ಬಂದ ತಕ್ಷಣ ಗೌಡನ ಮನೆಯ ಕೈ ಏಳುತ್ತಿತ್ತು. ಆಮೇಲೆ ವಂಶ ಹೇಗೆ ಉಳಿಯಿತೆಂದು ಯಾರೂ ಕೇಳಿರಲಿಲ್ಲ. ಉಳಿದದ್ದು ಕಣ್ಣೆದುರಿಗೇ ಓಡಾಡುತ್ತಿತ್ತಲ್ಲ.

ರೈತನ ಮನೆತನವೂ ಹಿಂದೆ ಅದೇ ಊರಿನದು. ಅವನ ಮನೆಯಲ್ಲಿ ಬಾಳವ್ವನೆಂಬ ಹಿರಿಯಳಿದ್ದಳು. ಅದೇ ದಂಡು ಊರ ಹೊರಗೆ ಬೀಡುಬಿಟ್ಟಾಗ ಅವಳು ಶತ್ರುಗಳಿಗೆ ಮಜ್ಜಿಗೆ ಮಾರಿದಳು. ನೀರು ಬೆರೆಸಿ ಮಾರಿದಳು. ಸಾಲದ್ದಕ್ಕೆ ಅವರ ಜೊತೆ ಜಗಳವನ್ನೂ ಆಡಿದಳು. ರೈತನ ಅಜ್ಜ ಇಷ್ಟಕ್ಕೆ ಕೈಯೆತ್ತುತ್ತಿದ್ದ. ಅಪ್ಪನೂ ಇಷ್ಟಕ್ಕೇ ಎತ್ತುತ್ತಿದ್ದ.

ನಿಶ್ಚಯದ ಹಿಂದಿನ ದಿನ ರೈತ ಹೆಳವನನ್ನು ಹಿತ್ತಲಿಗೆ ಕರೆದುಕೊಂಡು ಹೋದ.

"ಒಂದು ಹೆಣ್ಣುಗರು ಕೊಡ್ತೀನಿ. ನಾಳೆ ಬಾಳವ್ವನ ಕೈಗೊಂದು ಕತ್ತಿ ಕೊಟ್ಟುಬಿಡಪ್ಪ."

ಹೆಳವ ಯೋಚಿಸಿದ. "ಕೊಡೋಕೇನು ಯಜಮಾನರೇ, ನನ್ನ ಗಂಟು ಹೋಗೋದಿಲ್ಲ. ಆದರೆ ಆಕೆ ತಲೆಯ ಮೇಲಿನ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ. ಕತ್ತಿ ಯಾವ ಕೈಗೆ ಕೊಡಲಿ?"

"ಗಡಿಗೆ ಇಳಿಸು."

"ನಮ್ಮಪ್ಪ ಇಳಿಸಲಿಲ್ಲ, ಅವರಪ್ಪ ಇಳಿಸಲಿಲ್ಲ. ನಾನು ಇಳಿಸಿದರೆ ಹೇಗೆ? ನಿಮಗೆ ಬೇಡವಾದರೆ ಹೆಸರು ಬಂದ ಕೂಡಲೇ ಕೈಯೆತ್ತಿ. ನಿಲ್ಲಿಸ್ತೀನಿ."

ರೈತನಿಗೆ ಸಮಾಧಾನವಾಯಿತು. ಮಗಳ ಮದುವೆ ಒಂದು ಕೈಯೆತ್ತುವ ಕೆಲಸಕ್ಕೆ ಬಂದು ನಿಂತಿತ್ತು. ಅಷ್ಟು ಅವನಿಂದ ಆಗುತ್ತಿತ್ತು.

ಮರುದಿನ ಗೌಡನ ಬಳಗ ಬಂತು. ಬಿಸಿಲಿನಲ್ಲಿ ಬಂದವರಿಗೆ ಬಾಯಾರಿಕೆ. ಹೆಳವ ಮೊದಲು ಗೌಡನ ವಂಶ ಹಿಡಿದ. ಕಲ್ಲನಗೌಡ ಅಗಸೆಯಲ್ಲಿ ಬಿದ್ದ. ಗೌಡ ಕೈಯೆತ್ತಿ ಹೊಸ ಪಂಚೆ ಕೊಟ್ಟ. ಎಲ್ಲರೂ ತಲೆದೂಗಿದರು. ಹೆಳವ ರೈತನ ವಂಶಕ್ಕೆ ಬಂದ. ಮೊದಲಿನವರೆಲ್ಲ ಉತ್ತವರು, ಬಿತ್ತಿದವರು. ಅವರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಗೌಡ ಕುಡಿಯಲು ಕೇಳಿದ. ರೈತ ಎದ್ದು, ತುಂಬಿದ ಮಜ್ಜಿಗೆಯ ಗಡಿಗೆಯನ್ನು ಎತ್ತಿಕೊಂಡು ಬೀಗರಿಗೆ ಬಗ್ಗಿಸತೊಡಗಿದ.

ಆಗ ಬಾಳವ್ವನ ಹೆಸರು ಬಂತು.

ರೈತನ ಎರಡೂ ಕೈ ಗಡಿಗೆಯ ಮೇಲಿದ್ದವು. ಕೈಯೆತ್ತಿದರೆ ಗಡಿಗೆ ಗೌಡನ ತೊಡೆಯ ಮೇಲೆ ಬೀಳುತ್ತಿತ್ತು. ಅವನು ಕಣ್ಣು ಮಿಟುಕಿಸಿದ, ಕೆಮ್ಮಿದ. ಕಟ್ಟಳೆಯಲ್ಲಿ ಕೆಮ್ಮಿಗೆ ಜಾಗವಿರಲಿಲ್ಲ. ದಂಡಿಗೆ ಮಜ್ಜಿಗೆ ಮಾರಿದ್ದು, ನೀರು ಬೆರೆಸಿದ್ದು, ಜಗಳವಾಡಿದ್ದು ಎಲ್ಲವೂ ಹೊರಗೆ ಬಂತು.

ಗೌಡ ತನ್ನ ಲೋಟವನ್ನು ನೋಡಿದ. "ಬೀಗರೇ, ಇದಕ್ಕೂ ಬೆರೆಸಿದ್ದೀರೋ?" ಎಂದ.

ಬಳಗವೆಲ್ಲ ನಕ್ಕಿತು. ಗೌಡ ನಗಲಿಲ್ಲ. ಲೋಟ ಕೆಳಗಿಟ್ಟು ಎದ್ದು ನಿಂತ. "ನಮ್ಮ ಹಿರಿಯ ಆ ದಂಡಿನ ಕೈಯಲ್ಲಿ ಸತ್ತ. ನಿಮ್ಮಾಕೆ ಅದೇ ದಂಡಿನ ಬಾಯಾರಿಕೆ ಕಳೆದಳು. ಈ ನೆಂಟಸ್ತನ ಕೂಡುವುದಿಲ್ಲ."

ಬಾಗಿಲ ಹಿಂದೆ ಮಗಳ ಬಳೆ ಸದ್ದಾಯಿತು. ರೈತ ಅತ್ತ ನೋಡಲಿಲ್ಲ. ಗಡಿಗೆ ಇಳಿಸಿದ. ಈಗ ಎರಡೂ ಕೈ ಖಾಲಿಯಿದ್ದವು. ಹೆಳವ ಆ ಕೈಗಳನ್ನೇ ನೋಡುತ್ತ ಕಾದ.

"ಹೇಳು ಮಾರಾಯ," ಎಂದ ರೈತ. "ಮಾನ ಹೋಗೋದು ಹೇಗೂ ಹೋಯಿತು. ಅರ್ಧ ಉಳಿಸಿಕೊಂಡು ಏನು ಮಾಡಲಿ? ಪೂರ್ತಿ ಹೇಳಿಬಿಡು."

ಆ ಮನೆಯಲ್ಲಿ ಬಾಳವ್ವನ ಮುಂದಿನ ಮಾತನ್ನು ಕೇಳಿದವರಲ್ಲಿ ಅವನೇ ಮೊದಲಿಗ.

ಹೆಳವ ಸರಿಯಾಗಿ ಕುಳಿತುಕೊಂಡ. ಬಾಳವ್ವ ಮಜ್ಜಿಗೆಗೆ ನೀರು ಹಾಕಿದ್ದು ಜಗಳ ಬರಲಿ ಎಂದೇ. ದಿನಾ ಬೆಳಗ್ಗೆ ಅಗಸೆಯ ಹೊರಗೆ ದಂಡು ಹಾಕಿದ್ದ ಕಾವಲಿನವರು ನೀರು ಜಾಸ್ತಿಯೆನ್ನುವರು, ಅವಳು ಅವರ ಅಪ್ಪಂದಿರನ್ನೆಲ್ಲ ನೆನೆದು ಬೈಯುವಳು. ಕಾವಲಿನವರಿಗೆ ಇದು ರೂಢಿಯಾಯಿತು. ಕಲ್ಲನಗೌಡ ಬಿದ್ದ ಮೇಲೆ ದಂಡಿನವರು ಅವನ ಹಾಲುಗೂಸನ್ನು ಹುಡುಕುತ್ತ ಮನೆಮನೆ ಹೊಕ್ಕರು, ಹೊಕ್ಕ ಮನೆಗೆ ಬೆಂಕಿಯಿಟ್ಟರು. ಅಂದೂ ಬಾಳವ್ವ ಗಡಿಗೆ ಹೊತ್ತು ಅಗಸೆಗೆ ಬಂದಳು. ಗಡಿಗೆಯಲ್ಲಿ ಮಜ್ಜಿಗೆಯಿರಲಿಲ್ಲ. ಬಾಗಿಲ ಹತ್ತಿರ ಕೂಸು ಅತ್ತಿತು. ಬಾಳವ್ವ ಬಾಯಿ ತೆರೆದಳು. ಕೂಸು ಜೋರಾಗಿ ಅತ್ತಷ್ಟೂ ಅವಳು ಜೋರಾಗಿ ಬೈದಳು. "ನಿಮ್ಮ ಬಾಯಿಗೆ ಇವತ್ತು ನೀರೂ ಇಲ್ಲ, ಹೋಗ್ರೋ!" ಎಂದಳು. ಕಾವಲಿನವರು ಕಿವಿ ಮುಚ್ಚಿಕೊಂಡು ದಾರಿ ಬಿಟ್ಟರು. ಕಿವಿ ಮುಚ್ಚಿಕೊಂಡದ್ದೇ ಅವಳಿಗೆ ಬೇಕಾಗಿತ್ತು. ಕೂಸನ್ನು ಅದರ ತಾಯಿಯ ತವರಿಗೆ ಮುಟ್ಟಿಸಿದಳು. ಅಲ್ಲಿ ಅದಕ್ಕೆ ಗಡಿಗೆಪ್ಪನೆಂದು ಹೆಸರಿಟ್ಟರು.

ಗೌಡನ ಮನೆಯಲ್ಲಿ ಹಿರಿಯ ಮಗನಿಗೆ ಗಡಿಗೆಪ್ಪನೆಂದು ಹೆಸರಿಡುವುದು ವಾಡಿಕೆ. ಮೂಲಪುರುಷನ ಎದೆ ಗಡಿಗೆಯಂತಿತ್ತೆಂದು ಮನೆಯವರು ಕಾರಣ ಹೇಳುತ್ತಿದ್ದರು. ಊರವರು ಹೊಟ್ಟೆಯನ್ನು ಕಾರಣ ಮಾಡಿದ್ದರು. ಆ ಹೆಸರಿನ ಮದುಮಗ ಈಗ ಮೂಲೆಯಲ್ಲಿದ್ದ ಮಜ್ಜಿಗೆಯ ಗಡಿಗೆಯನ್ನು ನೆಂಟರನ್ನು ನೋಡುವಂತೆ ನೋಡುತ್ತಿದ್ದ.

ಗೌಡ ಹೆಳವನ ಕಡೆ ತಿರುಗಿದ. "ಇಷ್ಟು ವರ್ಷ ನಮ್ಮ ಮನೆಗೆ ಬಂದೆ. ಒಂದು ದಿನವೂ ಹೇಳಲಿಲ್ಲವಲ್ಲೋ!"

"ಹೇಳೋಕೆ ಬಾಯಿ ತೆರೆದಾಗಲೆಲ್ಲ ಪಂಚೆ ಕೊಟ್ಟಿರಿ," ಎಂದ ಹೆಳವ. "ನಿಮ್ಮಪ್ಪನವರು ಶಾಲೇ ಕೊಡುತ್ತಿದ್ದರು."

ಗೌಡ ಮತ್ತೆ ಕಂಬಳಿಯ ಮೇಲೆ ಕುಳಿತ. ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದ. ಬಾಯಿ ಒರೆಸಿಕೊಂಡು, ಗಂಭೀರವಾಗಿ, "ನೀರು ಜಾಸ್ತಿಯಾಯಿತು," ಎಂದ.

ಒಳಗಿನಿಂದ ಮದುಮಗಳ ದನಿ ಬಂತು: "ಬೇಡವಾದರೆ ಲೋಟ ಕೆಳಗಿಡಿ ಮಾವ, ಕೇಳಿದ್ದು ಯಾರು?"

ಗೌಡ ಹೊಟ್ಟೆ ಹಿಡಿದುಕೊಂಡು ನಕ್ಕ. ಲೋಟ ಇಡಲಿಲ್ಲ. ಇನ್ನೊಮ್ಮೆ ಮುಂದೆ ಚಾಚಿದ. ಮದುವೆ ಆಯಿತು. ಹೆಣ್ಣುಗರು ಹೆಳವನಿಗೆ ಹೋಯಿತು, ಮಾತು ನಿಲ್ಲಿಸಿದ್ದಕ್ಕಲ್ಲ. ಆ ಎರಡು ಮನೆಗಳಲ್ಲಿ ಇಂದಿಗೂ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಬೀಗರು ನೀರುಮಜ್ಜಿಗೆ ಕುಡಿದು, ಕೂಸು ಎಚ್ಚರಗೊಳ್ಳುವ ತನಕ ಜೋರಾಗಿ ಬೈದಾಡುತ್ತಾರೆ.

ಕತೆ ಮುಗಿಯಿತು. ಶಿಷ್ಯ ನಗುತ್ತಿದ್ದ.

ಗುರುಗಳು ಕೇಳಿದರು: "ನಿಮ್ಮ ಮನೆಯ ಆ ಸೊಸೆ ಬಾವಿಯ ಹಗ್ಗ ತೆಗೆದುಕೊಂಡು ಎಲ್ಲಿಗೆ ಹೋದಳು?"

ಶಿಷ್ಯ ಎದ್ದು ತಮ್ಮ ಮನೆಯ ಹೆಳವನನ್ನು ಹುಡುಕಿಕೊಂಡು ಹೊರಟ.