ಆರು ಸೆಕೆಂಡು

ಸಚಿವರು ಶುಕ್ರವಾರ ಬರುತ್ತಾರೆ ಎಂಬ ಸುದ್ದಿ ಬಂದ ದಿನ ರುದ್ರಮುನಿ ಊಟ ಬಿಟ್ಟ.

ಗುರುಗಳು ಕೇಳಿದರು. "ಯಾಕೋ ತಮ್ಮಾ, ಹಸಿವಿಲ್ಲೇನು?"

"ಇಲ್ರಿ ಅಜ್ಜ."

"ಸೇತುವಿ ಆಗತೈತಂತ ಊರೆಲ್ಲ ಸಕ್ಕರಿ ಹಂಚಾಕತ್ತೈತಿ. ನೀ ಉಪಾಸ ಕುಂತೀದಿ."

ರುದ್ರಮುನಿ ಎದ್ದು ಹೊಳೆಯ ಕಡೆ ಹೋದ.

ಮಠ ಹೊಳೆಯ ದಂಡೆಯಲ್ಲಿತ್ತು. ಶಾಲೆ ಆಚೆ ದಂಡೆಯಲ್ಲಿತ್ತು. ಊರಿನ ಮಕ್ಕಳು ಹರಿಗೋಲಿನಲ್ಲಿ ಕುಳಿತು ದಾಟುತ್ತಿದ್ದರು. ಒಂಬತ್ತು ವರ್ಷದಿಂದ ಅವರನ್ನು ದಾಟಿಸುತ್ತಿದ್ದವನು ಮಠದ ಶಿಷ್ಯ ರುದ್ರಮುನಿ. ಸೇತುವೆ ಬೇಕೆಂದು ಅರ್ಜಿ ಬರೆಯುತ್ತಿದ್ದವನೂ ಅವನೇ. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಚನ್ನವೀರ ಶಿಷ್ಯನಾಗಿ ಮಠ ಸೇರಿ ಒಂದು ವರ್ಷವಾಗಿತ್ತು. ಪಟ್ಟಣದ ಹುಡುಗ. ಮಕ್ಕಳು ದಾಟುವುದನ್ನು ಫೋನಿನಲ್ಲಿ ಹಿಡಿದು ಒಂದೂವರೆ ನಿಮಿಷದ ವಿಡಿಯೋ ಮಾಡಿ ಹಾಕಿದ. ಹನ್ನೊಂದು ದಿನದಲ್ಲಿ ಒಂಬತ್ತು ಲಕ್ಷ ಜನ ನೋಡಿದರು. ವಿರೋಧ ಪಕ್ಷದವರು ಅದನ್ನು ಎತ್ತಿಕೊಂಡರು. ಇಂಜಿನಿಯರರು ಬಂದು ಸೇತುವೆಯ ಗುರುತಿಗೆ ದಂಡೆಯಲ್ಲಿ ಗೂಟ ಹೊಡೆದು ಹೋದರು.

ಸಚಿವರ ಸುದ್ದಿ ಬಂದ ದಿನ ಬೆಳಿಗ್ಗೆ ಪರವೂರಿನ ನಾಲ್ಕು ಜನ ಮಠಕ್ಕೆ ಬಂದಿದ್ದರು. ಚನ್ನವೀರನನ್ನು ನಡುವೆ ನಿಲ್ಲಿಸಿಕೊಂಡು ರುದ್ರಮುನಿಯ ಕೈಗೆ ಫೋನು ಕೊಟ್ಟರು.

"ಅಣ್ಣಾರ, ಒಂದು ಫೋಟೋ ಹೊಡೀರಿ."

ಹೊಡೆದ. ಅದರಲ್ಲಿ ಚನ್ನವೀರನ ತಲೆ ಕತ್ತರಿಸಿ ಹೋಗಿತ್ತು. ಇನ್ನೊಂದು ಹೊಡೆಯಬೇಕಾಯಿತು.

ಹೋಗುವಾಗ ಒಬ್ಬ ಕೇಳಿದ. "ನೀವೂ ಇದ ಮಠದಾಗ ಇರ್ತೀರೇನ್ರಿ?"

ಸಂಜೆ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ರುದ್ರಮುನಿ ಬಂದು ನಿಂತ.

"ಅಜ್ಜ, ಆ ವಿಡಿಯೋದಾಗ ಒಂದು ಸುಳ್ಳೈತ್ರಿ."

"ಏನದು?"

"ನಡುವ ಒಂದು ಹರಿಗೋಲು ಮಗುಚತೈತಿ. ಆರು ಸೆಕೆಂಡು. ಅದು ನಮ್ಮ ಹೊಳಿ ಅಲ್ರಿ."

"ಹೆಂಗ ಗೊತ್ತು?"

"ಅಂಬಿಗ ನಿಂತು ಬಿದಿರು ಊರಿ ನೂಕ್ತಾನ್ರಿ. ನಮ್ಮ ಹೊಳ್ಯಾಗ ಬಿದಿರು ನೆಲ ಮುಟ್ಟಂಗಿಲ್ಲ. ನಾವು ಕುಂತು ಹುಟ್ಟು ಹಾಕ್ತೀವಿ. ಎಲ್ಲಿದೋ ತಂದು ಅಂಟಿಸ್ಯಾನ."

"ಯಾವತ್ತ ನೋಡಿದಿ?"

"ಹಾಕಿದ ದಿನಾನ ನೋಡೀನ್ರಿ."

"ಅವತ್ತ ಎಷ್ಟು ಮಂದಿ ನೋಡಿದ್ರು?"

"ಹದಿನೇಳು."

"ಇವತ್ತ?"

"ಒಂಬತ್ತು ಲಕ್ಷ."

ಗುರುಗಳು ತಿರುಗಿ ಅವನ ಮುಖ ನೋಡಿದರು.

"ಖರೆ ಹೇಳಬೇಕಲ್ರಿ ಅಜ್ಜ? ನೀವ ಕಲಿಸೀರಿ."

"ಹೇಳಬೇಕು. ಮೊದಲು ಅವನ ಕಿವಿಗೆ ಹೇಳು."

"ಅವ ನನ್ನ ಮಾತು ಕೇಳತಾನೇನ್ರಿ? ದೊಡ್ಡ ಮನಷ್ಯಾ ಆಗ್ಯಾನ."

"ಅಡಗಿ ಮನ್ಯಾಗ ಅದಾನ ಆ ದೊಡ್ಡ ಮನಷ್ಯಾ. ರೊಟ್ಟಿ ಬಡ್ಯಾಕತ್ತಾನ. ಹೋಗು."

ರುದ್ರಮುನಿ ಅಡುಗೆಮನೆಯ ಬಾಗಿಲಿಗೆ ಹೋದ. ಚನ್ನವೀರ ಬೆನ್ನು ತಿರುಗಿಸಿ ಕುಳಿತಿದ್ದ. ಪಕ್ಕದಲ್ಲಿ ಫೋನು ಬಿಟ್ಟೂ ಬಿಡದೆ ಸದ್ದು ಮಾಡುತ್ತಿತ್ತು.

"ಅಣ್ಣಾ, ಮಧ್ಯಾಹ್ನ ಉಣಲಿಲ್ಲಂತ. ಕೂಡು, ಬಿಸಿದು ಕೊಡ್ತೀನಿ," ಎಂದ ಚನ್ನವೀರ.

ರುದ್ರಮುನಿ ಫೋನನ್ನೇ ನೋಡಿದ. ಅದು ಮತ್ತೆ ಸದ್ದು ಮಾಡಿತು. ಅವನು ತಿರುಗಿ ಹೋದ.

ದನದ ಕೊಟ್ಟಿಗೆಯ ಹಿಂದೆ ಕುಳಿತು ತನ್ನ ಫೋನು ತೆಗೆದ. ಆರು ಸೆಕೆಂಡು ಸುಳ್ಳು ಎಂದು ಬರೆಯಲಿಲ್ಲ. ಈ ವಿಡಿಯೋ ಸುಳ್ಳು ಎಂದು ಬರೆದ. ಕೆಳಗೆ ತನ್ನ ಹೆಸರು ಹಾಕಿದ. ಮಠದ ಹೆಸರೂ ಹಾಕಿದ.

ಅದನ್ನು ಆಳುವ ಪಕ್ಷದವರು ಎತ್ತಿಕೊಂಡರು. ಮಠದ ಶಿಷ್ಯನೇ ಬಯಲು ಮಾಡಿದ ಎಂದು ಟಿವಿಯಲ್ಲಿ ಬಂತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಲಕ್ಷ ಜನ ಅವನ ಬರಹ ನೋಡಿದ್ದರು.

ರುದ್ರಮುನಿ ನಾಲ್ಕು ರೊಟ್ಟಿ ತಿಂದ.

ಚನ್ನವೀರ ಬಂದು ಅವನ ಎದುರು ಕುಳಿತ.

"ಆ ತುಣುಕು ಯಾರೋ ವಾಟ್ಸ್ಯಾಪಿನಾಗ ಕಳಿಸಿದ್ರಣ್ಣ. ನಮ್ಮ ಹೊಳೀದ ಅಂದ್ರು. ನಂಬಿದೆ."

"ನನ್ನ ಕೇಳಿದ್ಯೇನು?"

"ಕೇಳಬೇಕಿತ್ತು. ತಪ್ಪಾತು. ಆದ್ರ ನೀ ಅವತ್ತ ಒಂದು ಮಾತು ಹೇಳಿದ್ರ ತೆಗೀತಿದ್ನಲ್ಲಣ್ಣ. ಉಳಿದದ್ದೆಲ್ಲಾ ಖರೇನ ಇತ್ತು."

ರುದ್ರಮುನಿ ಕೈ ತೊಳೆಯಲು ಎದ್ದು ಹೋದ.

ಚನ್ನವೀರ ಆ ತುಣುಕು ತೆಗೆದುಹಾಕಿದ. ತಪ್ಪಾಯಿತು ಎಂದು ಇನ್ನೊಂದು ವಿಡಿಯೋ ಮಾಡಿದ. ಅದನ್ನು ನಾನೂರು ಜನ ನೋಡಿದರು.

ಶುಕ್ರವಾರ ಸಚಿವರು ಬರಲಿಲ್ಲ. ಶನಿವಾರ ಇಬ್ಬರು ಬಂದು ಗೂಟ ಕಿತ್ತುಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಹೊಳೆ ಏರಿತ್ತು. ಒಬ್ಬ ಮುದುಕಿ ಮೊಮ್ಮಗಳನ್ನು ಎತ್ತಿ ಹರಿಗೋಲಿನಲ್ಲಿ ಕೂರಿಸಿದಳು. ರುದ್ರಮುನಿಯ ಮುಖ ನೋಡಲಿಲ್ಲ.

"ವಿಡಿಯೋ ಸುಳ್ಳಂತಲ್ಲಪ್ಪ," ಎಂದಳು. "ಹೊಳಿ ಖರೆ ಐತಿ. ಹುಡುಗೀನ ಸಾವಕಾಶ ಕರಕೊಂಡು ಹೋಗು."

ಮಕ್ಕಳನ್ನು ಇಳಿಸಿ ಅವನು ಮರಳಿ ಬಂದಾಗ ಅಂಚೆಯವನು ಕಾಯುತ್ತಿದ್ದ. ಅವನ ಅರ್ಜಿಗೆ ಒಂಬತ್ತು ವರ್ಷದಲ್ಲಿ ಮೊದಲ ಉತ್ತರ. ಸದರಿ ಸ್ಥಳದ ಬಗೆಗಿನ ದೂರು ಸುಳ್ಳೆಂದು ಕಂಡುಬಂದಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ.

ರುದ್ರಮುನಿ ಕಾಗದ ಹಿಡಿದು ಗುರುಗಳ ಮುಂದೆ ಕುಳಿತ.

"ಅಜ್ಜ, ನಾ ಸುಳ್ಳು ಹೇಳೀನೇನ್ರಿ?"

"ಚನ್ನವೀರ ಹಿತ್ತಲದಾಗ ಅದಾನ. ಹೋಗಿ ಅವನ ಮುಂದ ಹೇಳು."

"ಇನ್ನೇನು ಹೇಳಲ್ರಿ? ಖರೆ ಹೇಳಿ ಆತಲ್ಲ."

ಗುರುಗಳು ಅವನ ಕೈಯಿಂದ ಕಾಗದ ತೆಗೆದುಕೊಂಡು ಪಕ್ಕಕ್ಕಿಟ್ಟರು.

"ಅವನ ಖರೆ ಊರಿಗೆಲ್ಲಾ ಹೇಳೀದಿ. ನಿಂದು ಉಳದೈತಿ."