ನೀರಿನ ಟ್ಯಾಂಕಿಗೆ ಎತ್ತಿದ ಆರತಿ

ತಿಪಟೂರಿನ ಒಂದು ಬೀದಿಯಲ್ಲಿ ಚೂಡಾಮಣಿ ಎಂಬಾಕೆ ಜೆರಾಕ್ಸ್ ಅಂಗಡಿ ಇಟ್ಟಿದ್ದಳು. ಅವಳ ಕಂಪ್ಯೂಟರಿನಲ್ಲಿ ಒಂದು ಕಪ್ಪು ಪರದೆ, ಟರ್ಮಿನಲ್ ಅನ್ನುತ್ತಿದ್ದಳು ಅದಕ್ಕೆ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಬಿಳಿ ಅಕ್ಷರ. ಊರಿನ ಹೆಸರು ಒತ್ತಿದರೆ ಸಾಕು, ಆವತ್ತು ಸೂರ್ಯ ಯಾವಾಗ ಹುಟ್ಟುತ್ತಾನೆ, ಯಾವಾಗ ಮುಳುಗುತ್ತಾನೆ, ಚಂದ್ರ ಎಷ್ಟು ಹೊತ್ತಿಗೆ ಬರುತ್ತಾನೆ, ಎಲ್ಲ ಸಾಲಾಗಿ ಬೀಳುತ್ತಿತ್ತು.

ಸಂಕಷ್ಟಿ ಬಂತೆಂದರೆ ಅವಳ ಜಂಬ ನೋಡಬೇಕು! ಚಂದ್ರ ಹುಟ್ಟಿದ ಮೇಲೆ ತಾನೇ ಊಟ? ಉಪವಾಸದ ಹೆಂಗಸರೆಲ್ಲ ಅಂಗಡಿ ಮುಂದೆಯೇ. ಪರದೆಯನ್ನು ಬೀದಿಗೆ ತಿರುಗಿಸಿಟ್ಟು, ಚಂದ್ರನನ್ನು ತಾನೇ ಹೆತ್ತವಳ ಹಾಗೆ ಕೂರುತ್ತಿದ್ದಳು. ಎದುರು ಮನೆಯ ತುಂಗಮ್ಮಜ್ಜಿ ಮಾತ್ರ ಸಂಜೆಯಿಂದಲೇ ಮಹಡಿ ಹತ್ತಿ ಆಕಾಶ ನೋಡುತ್ತಾ ನಿಲ್ಲುತ್ತಿದ್ದರು.

"ಯಾಕಜ್ಜೀ ಆ ಫಜೀತಿ? ಕಂಪ್ಯೂಟರ್ ಸುಳ್ಳು ಹೇಳುತ್ತಾ?" ಎಂದಳು ಒಮ್ಮೆ ಚೂಡಾಮಣಿ.

"ಅದು ಹೇಳಲ್ಲಮ್ಮ. ಬರೋವನನ್ನ ನಾನೊಂದ್ಸಲ ಕಣ್ಣಲ್ಲಿ ನೋಡಬೇಕು, ಅಷ್ಟೇ."

ಹೆಂಗಸರು ಕಿಸಕ್ಕನೆ ನಕ್ಕರು.

ಒಂದು ಸಂಕಷ್ಟಿಯ ಮಧ್ಯಾಹ್ನ ಚೂಡಾಮಣಿಯ ತಂಗಿ ಗುವಾಹಟಿಯಿಂದ ಫೋನ್ ಮಾಡಿದಳು. "ಅಕ್ಕಾ, ಇಲ್ಲಿ ಚಂದ್ರ ಯಾವಾಗ ಬರ್ತಾನೆ ನೋಡೇ." ಚೂಡಾಮಣಿ ಆ ಊರಿನ ಹೆಸರು ಒತ್ತಿ ಹೇಳಿದಳು. ಆಮೇಲೆ ಮಾತು ತಂಗಿಯ ಅತ್ತೆಯ ಕಡೆ ತಿರುಗಿತು. ಅತ್ತೆಯ ವಿಷಯ ಸಿಕ್ಕಿದ ಮೇಲೆ ಯಾರಿಗೆ ಏನು ನೆನಪಿರುತ್ತೆ! ಪರದೆಯಲ್ಲಿ ಗುವಾಹಟಿ ಹಾಗೇ ಉಳಿಯಿತು.

ಸಂಜೆ ಇಂದ್ರಾಣಮ್ಮನ ಹೊಸ ಸೊಸೆ ನಳಿನಾ ಬಂದು ಪರದೆ ನೋಡಿ ಚಂದ್ರ ಹುಟ್ಟುವ ಹೊತ್ತನ್ನು ಎಲ್ಲರಿಗೂ ಓದಿ ಹೇಳಿದಳು. ಆ ಹೊತ್ತಾಯಿತು. ಎಲ್ಲರೂ ಮಹಡಿಗೆ ಓಡಿದರು. ಮೂಡಣ ದಿಕ್ಕಿಗೆ ನೀರಿನ ಟ್ಯಾಂಕ್ ಅಡ್ಡ.

"ಅದರ ಹಿಂದೆ ಇದ್ದಾನೆ ಕಣ್ರೇ!" ಅಂದರು ಇಂದ್ರಾಣಮ್ಮ.

ಸರಿ, ಬೀದಿಗೆ ಬೀದಿಯೇ ಟ್ಯಾಂಕಿಗೆ ಆರತಿ ಎತ್ತಿತು! ಟ್ಯಾಂಕಿಗೆ ಕೈಮುಗಿದು, ಕಡುಬು ಬಾರಿಸಿ, ಕೈ ತೊಳೆಯುವ ಹೊತ್ತಿಗೆ ತುಂಗಮ್ಮಜ್ಜಿಯ ಕೂಗು: "ಬಂದ! ಬಂದ ನೋಡ್ರೇ!"

ಟ್ಯಾಂಕಿನ ಪಕ್ಕದಲ್ಲಿ ತಾಮ್ರದ ತಟ್ಟೆಯಂಥ ಚಂದ್ರ, ಆಗ ತಾನೇ ಕಣ್ಣುಬಿಟ್ಟವನ ಹಾಗೆ.

ಅಯ್ಯೋ, ಆ ಗಲಾಟೆಯೇ! ಚೂಡಾಮಣಿ ಅಂಗಡಿಗೆ ಓಡಿದಳು. ಪರದೆಯ ಮೂಲೆಯಲ್ಲಿ ಗುವಾಹಟಿ. ಮೂಡಣದ ಆ ಊರಿಗೆ ಚಂದ್ರ ತಿಪಟೂರಿಗಿಂತ ಮುಂಚೆ ಬರುತ್ತಾನೆ. ಊರಿನ ಹೆಸರು ಬದಲಾಯಿಸಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಬೆರಳು ಕೀ ಮೇಲೆಯೇ ಇತ್ತು.

ಅಷ್ಟರಲ್ಲಿ ಇಂದ್ರಾಣಮ್ಮ ಸೊಸೆಯನ್ನು ರಟ್ಟೆ ಹಿಡಿದು ಎಳೆತಂದರು. "ಇವಳೇ ತಪ್ಪು ಓದಿದ್ದು! ವ್ರತ ಕೆಡಿಸೋಕೇ ಬಂದಿದಾಳೆ ನಮ್ಮನೆಗೆ!"

ನಳಿನಾಳ ಮುಖ ನೋಡಿ ಚೂಡಾಮಣಿ ಬೆರಳು ತೆಗೆದಳು.

"ಬಿಡಿ ಅವಳನ್ನ. ಓದಿದ್ದು ಸರಿ, ಊರು ತಪ್ಪು. ಹರಟೆ ಹೊಡೆದು ಬದಲಾಯಿಸೋದು ಮರೆತವಳು ನಾನು."

"ಹಾಗಾದ್ರೆ ನಾವು ಉಂಡಿದ್ದು ಗುವಾಹಟಿ ಚಂದ್ರನಿಗಾ!" ಇಂದ್ರಾಣಮ್ಮ ಬೈದ ಬೈಗುಳಕ್ಕೆ ನಾಯಿಗಳೂ ಬೀದಿ ಬಿಟ್ಟವು.

ಮುಂದಿನ ಸಂಕಷ್ಟಿಗೆ ಅಂಗಡಿ ಮುಂದೆ ಒಂದು ಕಾಗೆಯೂ ಇಲ್ಲ. ಚೂಡಾಮಣಿ ಪರದೆಯ ಮೇಲೆ ತಿಪಟೂರು ಎಂದು ಚೀಟಿಯಲ್ಲಿ ದಪ್ಪಗೆ ಬರೆದು ಅಂಟಿಸಿ ಕೂತಿದ್ದಳು. ಮಂಡಿ ಹಿಡಿದುಕೊಂಡು ಬಂದರು ತುಂಗಮ್ಮಜ್ಜಿ.

"ಚಂದ್ರ ಯಾವಾಗ ಬರ್ತಾನೆ ಹೇಳೇ. ಸರಿಯಾಗಿ ಆ ಹೊತ್ತಿಗೇ ಮೆಟ್ಟಿಲು ಹತ್ತುತ್ತೀನಿ. ಎಷ್ಟೂಂತ ನಿಲ್ಲಲಿ ಈ ಕಾಲಲ್ಲಿ?"

"ನನ್ನ ಮಾತು ನಂಬ್ತೀರಾ ಅಜ್ಜಿ?"

"ತಪ್ಪಾಯ್ತು ಅಂದವಳಲ್ವಾ, ಇನ್ನು ನಂಬಬಹುದು."

ಚೂಡಾಮಣಿ ಅಂಗಡಿಗೆ ಬೀಗ ಹಾಕಿ, ಅಜ್ಜಿಯ ಕೈ ಹಿಡಿದು ತಾನೂ ಮಹಡಿ ಹತ್ತಿದಳು.

ನೀತಿ: ಪರದೆ ಹೇಳಿದ್ದು ನಿಜವೇ ಇರಬಹುದು, ಅದು ಯಾವ ಊರಿನ ನಿಜ ಎಂದು ಕೇಳಿಕೊಳ್ಳಿ, ಒಮ್ಮೆ ತಲೆಯೆತ್ತಿಯೂ ನೋಡಿ. ತಪ್ಪಾದರೆ ಇನ್ನೊಬ್ಬರ ಸೊಸೆಯ ತಲೆಗೆ ಕಟ್ಟಬೇಡಿ. ಒಪ್ಪಿಕೊಂಡವರನ್ನೇ ಜನ ಮತ್ತೆ ನಂಬುವುದು.