ನೀರಗಂಟಿ ಕೊಡದ ಮಾತು

ಕಾಲು ಚಾಚಿ ಕೂತ್ಕೊಳ್ಳಿ ಮಕ್ಕಳೇ. ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡಿದೀನಿ, ಇನ್ನು ಕತೆ ಮುಗಿಯೋವರೆಗೂ ಯಾರೂ ಏಳಂಗಿಲ್ಲ.

ಒಂದು ರಾಜ್ಯದಲ್ಲಿ ಡಂಗುರ ಹೊಡೆದರು. "ಕೇಳ್ರಪ್ಪೋ ಕೇಳಿ! ದೊರೆ ಭೂಪಾಲರಾಯರಿಗೆ ಮೈ ಸರಿಯಿಲ್ಲ. ಮದ್ದು ಹೇಳುವವರು ರಾಜಕುಮಾರಿ ಚೆಲುವಾಂಬೆಯ ಮೂರು ಒಗಟು ಬಿಡಿಸಬೇಕು. ಗೆದ್ದವರಿಗೆ ಕೇಳಿದ್ದು ಕೊಡ್ತಾರೆ. ಸೋತವರಿಗೆ ತಲೆ ಇಲ್ಲ!"

ಆ ಹುಡುಗಿ ಕಟುಕಿಯಲ್ಲ ಕಣ್ರೋ. ತಾಯಿಯಿಲ್ಲದ ಕೂಸಿಗೆ ದೊರೆಯೇ ದಿನಾ ಜಡೆ ಹೆಣೆದು ಸಾಕಿದ್ದ. ಈಗ ಅದೇ ಬೆರಳಿಗೆ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿ ಯಾರೂ ಅಪ್ಪನ ಮೈಗೆ ಶಸ್ತ್ರ ಹಾಕಿಸಬಾರದೆಂದು ಹೀಗೆ ಹೆದರಿಸಿದ್ದಳು.

ಮೊದಲ ಒಗಟು ಕೇಳಿದಳು. "ಕೈಗೆ ಗಾಯವಿಲ್ಲ, ಬೆರಳು ಮಾತು ಕೇಳದು. ಕಾಲಿಗೆ ಮುಳ್ಳಿಲ್ಲ, ನಡೆದರೆ ತೂರಾಟ. ಕಳ್ಳ ಎಲ್ಲಿದ್ದಾನೆ?"

"ಕೈಯಲ್ಲಿ! ಎಣ್ಣೆ ತಿಕ್ಕಿ," ಅಂದ ಮೀಸೆ ತಿರುವುತ್ತಾ ಬಂದ ಪಾಳೆಗಾರನ ಮಗ. ತಲೆ ಹೋಗೋ ದಿನ ಕಾಯುತ್ತಾ ಸೆರೆಮನೆ ಸೇರಿದ.

"ಕಾಲಲ್ಲಿ, ವಯಸ್ಸಾಯ್ತಲ್ಲ," ಅಂದ ರೇಷ್ಮೆ ಶಾಲಿನ ಪಂಡಿತ. ಅವನೂ ಅದೇ ಬಾಗಿಲು.

ಮೂರನೆಯವನು ಸೊಣ್ಣಪ್ಪ. ಕೆರೆಯ ನೀರನ್ನು ಗದ್ದೆಗದ್ದೆಗೂ ಹಂಚುವ ನೀರಗಂಟಿ. ಮೊಣಕಾಲವರೆಗೂ ಕೆಸರು.

"ತಾಯಿ, ಒಂದು ಗದ್ದೆ ಒಣಗಿದರೆ ಆ ಗದ್ದೆ ನೋಡ್ತೀನಿ. ದೂರದೂರದ ಎರಡು ಗದ್ದೆ ಒಟ್ಟಿಗೆ ಒಣಗಿದರೆ ಮೇಲಿನ ಕಾಲುವೆ ನೋಡ್ತೀನಿ. ಕೈಗೂ ಕಾಲಿಗೂ ಒಂದೇ ಕಾಲುವೆ ಕುತ್ತಿಗೆಯೊಳಗೆ. ಅಲ್ಲಿ ಮೂಳೆ ಸವೆದು, ಉಬ್ಬಿ, ನರದ ಹುರಿಯನ್ನ ಅಮುಕ್ತಿದೆ."

ಚೆಲುವಾಂಬೆ ನೆಟ್ಟಗೆ ಕೂತಳು. "ಎರಡನೆಯದು. ಕೊಯ್ದರೆ ಅಪಾಯ, ಕಾದರೂ ಅಪಾಯ. ಯಾವಾಗ ಯಾವುದು ಸರಿ?"

"ನಾನು ಕಾಲುವೆಯ ಕಲ್ಲಿಗೆ ಗೆರೆ ಹಾಕಿರ್ತೀನಿ. ನೀರು ಗೆರೆ ಬಿಟ್ಟು ಇಳೀದಿದ್ರೆ ಕೈ ಹಾಕಲ್ಲ, ದಿನಾ ನೋಡ್ತಿರ್ತೀನಿ. ಇಳೀತಾ ಹೋದ್ರೆ ಪೈರು ಸಾಯೋವರೆಗೂ ಕಾಯಲ್ಲ. ಯುಗಾದೀಲಿ ದೊರೆಗಳು ಹೇಗೆ ನಡೀತಿದ್ರು?"

"ಕೋಲು ಹಿಡಿದು."

"ಈಗ?"

"ಇಬ್ಬರು ಹಿಡ್ಕೋಬೇಕು. ತುತ್ತೂ ನಾನೇ ಕೊಡ್ತೀನಿ."

"ಹಾಗಾದ್ರೆ ಕಾಯೋ ದಿನ ಮುಗೀತು ತಾಯಿ."

"ಮೂರನೆಯದು. ಕುತ್ತಿಗೆಗೆ ಮುಂದೆಯೂ ಬಾಗಿಲು, ಹಿಂದೆಯೂ ಬಾಗಿಲು. ಶಸ್ತ್ರ ಯಾವ ಕಡೆಯಿಂದ?"

ಸೊಣ್ಣಪ್ಪ ತಲೆ ತಗ್ಗಿಸಿದ. "ಒಂದು ಸಲ ಕಾಲುವೆಗೆ ಮರದ ಬೇರು ಅಡಿಯಿಂದ ಒತ್ತಿತ್ತು, ನಾನು ನೋಡದೆ ಮೇಲಿನ ಚಪ್ಪಡಿ ಎತ್ತಿದೆ. ಕಾಲುವೆ ಕುಸಿದು ಒಬ್ಬ ಮುದುಕಮ್ಮನ ಗದ್ದೆ ಹೋಯಿತು. ಅವತ್ತಿಂದ ಪೂರ್ತಿ ನಡೆದು ನೋಡದೆ ಕಲ್ಲು ಮುಟ್ಟಲ್ಲ. ಕುತ್ತಿಗೇಲೂ ಹಾಗೇ. ಎದುರಿನಿಂದ ಒಂದೆರಡು ಕಡೆ ಒತ್ತಿದ್ರೆ ಮುಂದಿನಿಂದ. ಉದ್ದಕ್ಕೂ ಇಕ್ಕಟ್ಟಾಗಿದ್ರೆ ಹಿಂದಿನಿಂದ ಅಗಲ ಮಾಡೋದು. ಕತ್ತಿನ ಬಾಗೂ ನೋಡ್ಬೇಕು."

ಅರಮನೆಯ ಶಸ್ತ್ರವೈದ್ಯೆ ಮಾಯಮ್ಮ ತಲೆಯಾಡಿಸಿದಳು. "ಮೂರೂ ಸರಿ ಮಗಳೇ. ನನಗೂ ಹೀಗೇ ಅನ್ನಿಸಿತ್ತು, ನನ್ನೊಬ್ಬಳ ಮಾತಿನ ಮೇಲೆ ದೊರೆಯ ಕುತ್ತಿಗೆಗೆ ಶಸ್ತ್ರ ಹಾಕಲು ಹೆದರಿದ್ದೆ."

ಚೆಲುವಾಂಬೆ ಓಡಿಬಂದಳು. "ಅಂದ್ರೆ ಅಪ್ಪ ಮತ್ತೆ ಕುದುರೆ ಹತ್ತುತ್ತಾರೆ ತಾನೇ? ಮಾತು ಕೊಡು!"

ಹೂಂ ಅಂದಿದ್ದರೆ ಮುಗಿದಿತ್ತು. ಸೊಣ್ಣಪ್ಪ ಕೈಮುಗಿದ. "ತಲೆ ತೆಗೆಸಿ, ಆ ಮಾತು ಕೊಡಲ್ಲ. ನೀರು ಬಿಟ್ಟರೆ ಹಸಿರಿರೋದು ಉಳಿಯುತ್ತೆ, ಬಾಡಿದ್ದು ಒಂದಿಷ್ಟು ಚಿಗುರಬಹುದು. ಒಣಗಿದ್ದು ಏಳುತ್ತೆ ಅನ್ನಲಾರೆ. ಶಸ್ತ್ರದಿಂದಲೇ ಕೆಡೋ ಭಯವೂ ಇದೆ."

ಸಭೆಯಲ್ಲೇ ಪಲ್ಲಕ್ಕಿಯಲ್ಲಿ ಒರಗಿ ಎಲ್ಲಾ ಕೇಳುತ್ತಿದ್ದ ದೊರೆ ನಕ್ಕ. "ಕುತ್ತಿಗೆ ನಂದು ಕಣವ್ವ, ನನ್ನನ್ನೂ ಒಂದು ಮಾತು ಕೇಳಿ! ಇವನೊಬ್ಬ ನಿಜ ಹೇಳಿದ. ಕುದುರೆ ಬೇಡ. ಉಳಿದಿರೋದು ಉಳಿದರೆ ಸಾಕು. ಮಾಯಮ್ಮ, ಶಸ್ತ್ರ ತಗೋ."

ಮಾಯಮ್ಮ ಮುಟ್ಟಿ, ಬಗ್ಗಿಸಿ ನೋಡಿದಳು. ಒತ್ತಡ ಮುಂದಿತ್ತು. ಮುಂದಿನಿಂದಲೇ ಬಿಡಿಸಿದಳು.

ಸೊಣ್ಣಪ್ಪ ಕೇಳಿಕೊಂಡದ್ದು ಸೆರೆಯಲ್ಲಿದ್ದ ಆ ಇಬ್ಬರ ತಲೆ ಉಳಿಸಿ ಅಂತ. ಪಾಳೆಗಾರನ ಮಗ ಕುದುರೆಗೆ ಎಣ್ಣೆ ತಿಕ್ಕುತ್ತಾ ಉಳಿದ. ಪಂಡಿತ ಮಾಯಮ್ಮನ ಶಿಷ್ಯನಾಗಿ ಮೊದಲು ನೋಡುವುದನ್ನು ಕಲಿತ. ಮಾಯಮ್ಮ ತೊಂಬತ್ತು ದಾಟಿದಳು. ಚೆಲುವಾಂಬೆ ತಾನೇ ಬಾಯಿಬಿಟ್ಟು ಕೇಳಿ ಸೊಣ್ಣಪ್ಪನ ಕೈ ಹಿಡಿದಳು. ಅವನು ಅಳಿಯನಾದಮೇಲೂ ಕಾಲುವೆ ನಡೆಯುವುದು ಬಿಡಲಿಲ್ಲ. ದೊರೆ? ಕುದುರೆ ಹತ್ತಲಿಲ್ಲ. ಕೋಲೂರಿ ನಡೆದ, ತುತ್ತು ತಾನೇ ತಿಂದ. ಮದುವೆಯ ಬೆಳಿಗ್ಗೆ ಮಗಳ ಜಡೆ ತಾನೇ ಹೆಣೆದ. ಜಡೆ ಸೊಟ್ಟಗಿತ್ತು. ಸರಿಮಾಡಲು ಬಂದವರ ಕೈಯನ್ನು ಅವಳು ಹತ್ತಿರಕ್ಕೇ ಬಿಡಲಿಲ್ಲ.